ಸುಮ್ಮನಿರುವುದನ್ನು ಕಲಿತ ಕಂಪ್ಯೂಟರುಗಳು

ಮೊದಲು ಒಂದು ಲೆಕ್ಕ. ಈಗಿನ ಸಾಮಾನ್ಯ ಮೊಬೈಲಿನ ಬ್ಯಾಟರಿ 5000 ಮಿಲಿಆಂಪ್ ಅವರ್ ಸಾಮರ್ಥ್ಯದ್ದು, ಅದರ ವೋಲ್ಟೇಜ್ ಸುಮಾರು 3.85. ಎರಡನ್ನೂ ಗುಣಿಸಿದರೆ 19 ವ್ಯಾಟ್ ಅವರ್ ಆಗುತ್ತದೆ. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೆ 1000 ವ್ಯಾಟ್ ಅವರ್. ಮೊಬೈಲನ್ನು ದಿನಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ವರ್ಷಕ್ಕೆ ಖರ್ಚಾಗುವುದು ಸುಮಾರು ಏಳು ಯೂನಿಟ್. ಚಾರ್ಜರಿನಲ್ಲಿ ಶಾಖವಾಗಿ ಹೋಗುವುದನ್ನು ಸೇರಿಸಿ ಒಂಬತ್ತು ಎಂದುಕೊಳ್ಳೋಣ. ಬಚ್ಚಲುಮನೆಯ 2000 ವ್ಯಾಟಿನ ಗೀಸರ್ ನಾಲ್ಕೂವರೆ ಗಂಟೆ ಉರಿದರೆ ಅಷ್ಟೇ ವಿದ್ಯುತ್ತು ಮುಗಿಯುತ್ತದೆ.

ಬಿಲ್ಲಿನ ದೃಷ್ಟಿಯಿಂದ ನೋಡಿದರೆ ಮೊಬೈಲು ಲೆಕ್ಕಕ್ಕೇ ಬರುವುದಿಲ್ಲ. ಆದರೂ ಚಿಪ್ ವಿನ್ಯಾಸಕಾರರು, ಆಪರೇಟಿಂಗ್ ಸಿಸ್ಟಮ್ ಬರೆಯುವವರು, ಪರದೆ ತಯಾರಿಸುವವರು ನಾಲ್ಕು ದಶಕಗಳಿಂದ ಮಿಲಿವ್ಯಾಟುಗಳ ಬೆನ್ನು ಹತ್ತಿದ್ದಾರೆ. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಅಂದಿನಿಂದ ಇಂದಿನವರೆಗೆ ಅದೇ ತೂಕದಲ್ಲಿ ತುಂಬಿಡಬಹುದಾದ ಶಕ್ತಿ ಸುಮಾರು ಮೂರು ಪಟ್ಟು ಹೆಚ್ಚಾಗಿದೆ, ಅಷ್ಟೇ. ಅದೇ ಅವಧಿಯಲ್ಲಿ ಚಿಪ್ಪುಗಳ ಸಾಮರ್ಥ್ಯ ಸಾವಿರಾರು ಪಟ್ಟು ಬೆಳೆದಿದೆ. ಎರಡನೆಯದು ಶಾಖ. ಚಿಪ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಫ್ಯಾನ್ ಇಲ್ಲದ, ಅಂಗೈಯಲ್ಲಿ ಹಿಡಿಯುವ ವಸ್ತು ನಿರಂತರವಾಗಿ ನಾಲ್ಕೈದು ವ್ಯಾಟಿಗಿಂತ ಹೆಚ್ಚು ಶಾಖವನ್ನು ಹೊರಹಾಕಬೇಕಾಗಿ ಬಂದರೆ ಕೈ ಸುಡತೊಡಗುತ್ತದೆ. ಆ ಮಿತಿಯನ್ನು ಮೀರುವ ಚಿಪ್, ಎಷ್ಟೇ ವೇಗದ್ದಾಗಿರಲಿ, ಕೆಲವೇ ನಿಮಿಷಗಳಲ್ಲಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳಬೇಕಾಗುತ್ತದೆ.

ಈ ಬೆನ್ನಟ್ಟುವಿಕೆಯ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ಪ್ರಸಂಗ ನಡೆದದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, 1985ರ ಏಪ್ರಿಲ್ 26ರಂದು. ಏಕಾರ್ನ್ ಎಂಬ ಪುಟ್ಟ ಕಂಪನಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ವಿನ್ಯಾಸ ಮಾಡಿದ್ದ ಮೊದಲ ಆರ್ಮ್ ಚಿಪ್ ಅಂದು ಕಾರ್ಖಾನೆಯಿಂದ ಬಂದಿತ್ತು. ಅದರಲ್ಲಿದ್ದ ಟ್ರಾನ್ಸಿಸ್ಟರುಗಳು, ಅಂದರೆ ವಿದ್ಯುತ್ತನ್ನು ಬಿಡುವ, ತಡೆಯುವ ಪುಟ್ಟ ಸ್ವಿಚ್ಚುಗಳು, ಸುಮಾರು 25,000. ಚಿಪ್ಪನ್ನು ಅಗ್ಗದ ಪ್ಲಾಸ್ಟಿಕ್ ಕವಚದಲ್ಲಿ ಕೂರಿಸಬೇಕಿದ್ದರಿಂದ ಅದು ಒಂದು ವ್ಯಾಟಿಗಿಂತ ಕಡಿಮೆ ಬಳಸಬೇಕು ಎಂಬುದು ಗುರಿ. ಎಷ್ಟು ಬಳಸುತ್ತದೆ ಎಂದು ಮೊದಲೇ ನಿಖರವಾಗಿ ಲೆಕ್ಕ ಹಾಕುವ ಸಾಧನಗಳು ಅವರ ಬಳಿ ಇರಲಿಲ್ಲ. ಆದ್ದರಿಂದ ಹೆಜ್ಜೆಹೆಜ್ಜೆಗೂ ಉಳಿತಾಯದ ಕಡೆಗೇ ವಾಲಿದ್ದರು. ಚಿಪ್ ಕೂರಿಸಿದರು, ಅದು ಪ್ರೋಗ್ರಾಮನ್ನು ಸರಿಯಾಗಿಯೇ ನಡೆಸಿತು. ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಫರ್ಬರ್ ಅಮ್ಮೀಟರ್ ಜೋಡಿಸಿದಾಗ ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ನೋಡಿದರೆ, ಚಿಪ್ಪಿಗೆ ವಿದ್ಯುತ್ ಪೂರೈಸುವ ತಂತಿಯ ಸಂಪರ್ಕವೇ ಆಗಿರಲಿಲ್ಲ! ಸುತ್ತಲಿನ ಬಿಡಿಭಾಗಗಳು ಸಂಕೇತ ಕಳಿಸುವ ಕಾಲುಗಳ ಮೂಲಕ ಸೋರಿ ಬರುತ್ತಿದ್ದ ವಿದ್ಯುತ್ತೇ ಅದಕ್ಕೆ ಸಾಕಾಗಿತ್ತು. ಸರಿಯಾಗಿ ಜೋಡಿಸಿ ಅಳೆದಾಗ ಬಳಕೆ ವ್ಯಾಟಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿತ್ತು. ಇಂದು ಜಗತ್ತಿನ ಹೆಚ್ಚುಕಡಿಮೆ ಎಲ್ಲ ಮೊಬೈಲುಗಳಲ್ಲಿ ಇರುವುದು ಅದೇ ವಂಶದ ಚಿಪ್.

ವಿದ್ಯುತ್ತು ಹೋಗುವುದು ಎಲ್ಲಿಗೆ ಎಂಬುದನ್ನು ಈಗ ನೋಡೋಣ. ಚಿಪ್ಪಿನೊಳಗಿನ ಪ್ರತಿಯೊಂದು ತಂತಿಯೂ ಒಂದು ಪುಟ್ಟ ವಿದ್ಯುತ್ ಸಂಗ್ರಾಹಕ. ಅದರ ಸ್ಥಿತಿ ಸೊನ್ನೆಯಿಂದ ಒಂದಕ್ಕೆ ಬದಲಾದಾಗ ತುಂಬಿಕೊಳ್ಳುತ್ತದೆ, ಒಂದರಿಂದ ಸೊನ್ನೆಗೆ ಮರಳಿದಾಗ ಬರಿದಾಗುತ್ತದೆ. ಒಂದೊಂದು ಬದಲಾವಣೆಗೂ ಒಂದಿಷ್ಟು ಶಕ್ತಿ ಖರ್ಚು. ಒಟ್ಟು ಬಳಕೆ ಮೂರು ಸಂಗತಿಗಳನ್ನು ಅವಲಂಬಿಸಿರುತ್ತದೆ: ಎಷ್ಟು ತಂತಿಗಳು ಬದಲಾಗುತ್ತಿವೆ, ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತಿವೆ, ಎಷ್ಟು ವೋಲ್ಟೇಜಿನಲ್ಲಿ ಬದಲಾಗುತ್ತಿವೆ. ಮೊದಲ ಎರಡನ್ನು ಅರ್ಧ ಮಾಡಿದರೆ ಬಳಕೆಯೂ ಅರ್ಧವಾಗುತ್ತದೆ. ವೋಲ್ಟೇಜನ್ನು ಅರ್ಧ ಮಾಡಿದರೆ ಮಾತ್ರ ಬಳಕೆ ಕಾಲುಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಅಲ್ಲಿ ಕೆಲಸ ಮಾಡುವುದು ವೋಲ್ಟೇಜಿನ ವರ್ಗ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದು. ಈ ವರ್ಗವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಈ ಕ್ಷೇತ್ರದ ಅರ್ಧಕ್ಕರ್ಧ ಜಾಣತನ ನಿಂತಿರುವುದು ಅದರ ಮೇಲೆಯೇ.

ಅದು ಎಷ್ಟು ದೊಡ್ಡ ಲಾಭವೆಂಬುದನ್ನು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್‌ನ ಎಂಜಿನಿಯರುಗಳು 1996ರಲ್ಲಿ ಅಂಕಿಗಳಲ್ಲಿ ತೋರಿಸಿಕೊಟ್ಟರು. ಅವರದೇ ಮೊದಲ ಆಲ್ಫಾ ಚಿಪ್ ತಾನು ಬಂದ ಕಾಲದ ಅತಿ ವೇಗದ ಚಿಪ್ಪುಗಳಲ್ಲೊಂದು. 200 ಮೆಗಾಹರ್ಟ್ಸ್ ವೇಗ, 3.45 ವೋಲ್ಟ್, 26 ವ್ಯಾಟ್ ಬಳಕೆ. ಅಂಗೈ ಸಾಧನಗಳಿಗಾಗಿ ಸ್ಟ್ರಾಂಗ್‌ಆರ್ಮ್ ಎಂಬ ಹೊಸ ಚಿಪ್ಪನ್ನು ಅವರು ರೂಪಿಸಿದರು. ಆ 26 ವ್ಯಾಟ್ ಹೇಗೆ ಅರ್ಧ ವ್ಯಾಟಿಗೆ ಇಳಿಯಿತು ಎಂಬುದರ ಲೆಕ್ಕವನ್ನು ತಮ್ಮ ಪ್ರಬಂಧದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿಟ್ಟರು. ವೋಲ್ಟೇಜನ್ನು 1.5ಕ್ಕೆ ಇಳಿಸಿದ್ದರಿಂದ ಬಳಕೆ 5.3 ಪಟ್ಟು ಕಡಿಮೆಯಾಗಿ 4.9 ವ್ಯಾಟಿಗೆ ಬಂತು. ಬೇಡದ ಕಾರ್ಯಗಳನ್ನು ಕೈಬಿಟ್ಟದ್ದರಿಂದ ಮೂರು ಪಟ್ಟು ಕಡಿಮೆಯಾಗಿ 1.6ಕ್ಕೆ. ಟ್ರಾನ್ಸಿಸ್ಟರುಗಳನ್ನು ಇನ್ನಷ್ಟು ಚಿಕ್ಕದಾಗಿಸಿದ್ದರಿಂದ ಅದರ ಅರ್ಧ, 0.8ಕ್ಕೆ. ಚಿಪ್ಪಿನ ಕೆಲಸಕ್ಕೆಲ್ಲ ತಾಳ ಹಾಕುವ ಗಡಿಯಾರದ ಸಂಕೇತವನ್ನು ಹೊತ್ತೊಯ್ಯುವ ತಂತಿಗಳ ಭಾರವನ್ನು ತಗ್ಗಿಸಿದ್ದರಿಂದ 0.6ಕ್ಕೆ. ವೇಗವನ್ನು 200ರಿಂದ 160 ಮೆಗಾಹರ್ಟ್ಸ್‌ಗೆ ಇಳಿಸಿದ್ದರಿಂದ ಕೊನೆಗೆ 0.5ಕ್ಕೆ. ಗಮನಿಸಿ, ವೇಗದಲ್ಲಿ ಬಿಟ್ಟುಕೊಟ್ಟದ್ದು ಐದರಲ್ಲಿ ಒಂದು ಪಾಲು ಮಾತ್ರ. ವಿದ್ಯುತ್ ಬಳಕೆ ಇಳಿದದ್ದು ಐವತ್ತು ಪಟ್ಟು. ಇಷ್ಟು ಪ್ರಾಮಾಣಿಕವಾಗಿ, ಇಷ್ಟು ಸ್ಪಷ್ಟವಾಗಿ ತಮ್ಮ ಕೆಲಸದ ಲೆಕ್ಕ ಒಪ್ಪಿಸಿದ ಎಂಜಿನಿಯರಿಂಗ್ ಬರಹ ಅಪರೂಪ.

ಆ ಚಿಪ್ಪಿಗೂ ಕರ್ನಾಟಕಕ್ಕೂ ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ವಿಜ್ಞಾನಿಗಳು ಎನ್‌ಕೋರ್ ಕಂಪನಿಯ ಜೊತೆ ಸೇರಿ ರೂಪಿಸಿ, 2001ರಲ್ಲಿ ಜನರ ಮುಂದಿಟ್ಟ ಸಿಂಪ್ಯೂಟರ್‌ನ ಎದೆಯಲ್ಲಿದ್ದದ್ದು ಸ್ಟ್ರಾಂಗ್‌ಆರ್ಮ್ ಸಂತತಿಯದೇ, ಆ ವೇಳೆಗೆ ಇಂಟೆಲ್ ಕೈಸೇರಿದ್ದ 206 ಮೆಗಾಹರ್ಟ್ಸ್‌ನ ಚಿಪ್. ಕರೆಂಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂಬಂತಿದ್ದ ಹಳ್ಳಿಗಳಿಗೆಂದು ಮಾಡಿದ ಕೈಗಂಪ್ಯೂಟರಿಗೆ ಬೇರೆ ದಾರಿಯೂ ಇರಲಿಲ್ಲ. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆದರೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ನಡೆಸುವ, ಬೆರಳಿನಿಂದಲೋ ಕಡ್ಡಿಯಿಂದಲೋ ಮುಟ್ಟಿ ಬಳಸುವ, ಆರ್ಮ್ ಚಿಪ್ಪಿನ ಕೈಸಾಧನ ಎಂದರೆ ಇಂದಿನ ಆಂಡ್ರಾಯ್ಡ್ ಮೊಬೈಲೇ ಅಲ್ಲವೇ? ಆ ಕಲ್ಪನೆ ಸರಿಯಾಗಿತ್ತು ಎಂದೇ ನಾನು ನಂಬುತ್ತೇನೆ.

ವೋಲ್ಟೇಜ್ ಇಳಿಸುವ ದಾರಿ ಹೀಗೆಯೇ ಮುಂದುವರಿಯಬಹುದಿತ್ತು. ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು 1974ರಲ್ಲೇ ಹೇಳಿದ್ದರು: ಟ್ರಾನ್ಸಿಸ್ಟರನ್ನು ಚಿಕ್ಕದು ಮಾಡುತ್ತ ಅದೇ ಪ್ರಮಾಣದಲ್ಲಿ ವೋಲ್ಟೇಜನ್ನೂ ಇಳಿಸುತ್ತ ಹೋದರೆ, ಒಂದು ಚದರ ಮಿಲಿಮೀಟರಿಗೆ ಬೇಕಾಗುವ ವಿದ್ಯುತ್ತು ಬದಲಾಗುವುದಿಲ್ಲ. ಅಂದರೆ ಪ್ರತಿ ತಲೆಮಾರಿನಲ್ಲೂ ಹೆಚ್ಚು ಟ್ರಾನ್ಸಿಸ್ಟರುಗಳು, ಹೆಚ್ಚು ವೇಗ, ಅಷ್ಟೇ ಶಾಖ. ಮೂವತ್ತು ವರ್ಷ ಇದು ನಡೆಯಿತು. ಆಮೇಲೆ ಸೋರಿಕೆ ಅಡ್ಡ ಬಂತು. ವೋಲ್ಟೇಜ್ ತೀರ ಕಡಿಮೆಯಾದರೆ ಟ್ರಾನ್ಸಿಸ್ಟರ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಕೆಲಸವಿಲ್ಲದಿದ್ದರೂ ವಿದ್ಯುತ್ತು ಸೋರುತ್ತಲೇ ಇರುತ್ತದೆ. 2004ರ ಹೊತ್ತಿಗೆ ಇಂಟೆಲ್‌ನ ಪೆಂಟಿಯಂ 4 ಚಿಪ್ 3.8 ಗಿಗಾಹರ್ಟ್ಸ್ ಮುಟ್ಟಿತು, 115 ವ್ಯಾಟ್ ಶಾಖಕ್ಕೆ ತಕ್ಕ ತಂಪುವ್ಯವಸ್ಥೆ ಬೇಡಿತು. 4 ಗಿಗಾಹರ್ಟ್ಸ್‌ನ ಯೋಜನೆಯನ್ನು ಕಂಪನಿ ಅದೇ ವರ್ಷ ಕೈಬಿಟ್ಟಿತು. ಇಸ್ರೇಲಿನ ಹೈಫಾದಲ್ಲಿದ್ದ ಅದೇ ಕಂಪನಿಯ ತಂಡ ಒಂದು ವರ್ಷ ಮೊದಲೇ ಲ್ಯಾಪ್‌ಟಾಪಿಗೆಂದು ಪೆಂಟಿಯಂ ಎಂ ಎಂಬ ಚಿಪ್ ತಂದಿತ್ತು. ಅದರ ವೇಗ 1.6 ಗಿಗಾಹರ್ಟ್ಸ್, ಬಳಕೆ 25 ವ್ಯಾಟಿನ ಒಳಗೆ. ಒಂದೊಂದು ಮಿಡಿತದಲ್ಲೂ ಹೆಚ್ಚು ಕೆಲಸ ಮಾಡುವ ಅದರ ವಿಧಾನದಿಂದಲೇ ಮುಂದೆ, 2006ರಲ್ಲಿ, ಕೋರ್ 2 ಡ್ಯುಯೋ ಹುಟ್ಟಿತು. ಗಿಗಾಹರ್ಟ್ಸ್ ಎಣಿಸುವ ಕಾಲ ಅಲ್ಲಿಗೆ ಮುಗಿಯಿತು.

ಈ ವಿಷಯದಲ್ಲಿ ಅತ್ಯಂತ ಸೊಗಸಾದ ಮತ್ತು ಅತ್ಯಂತ ಕಡಿಮೆ ಪ್ರಚಾರ ಪಡೆದ ಭಾಗ ಇನ್ನು ಮುಂದಿದೆ. ವೋಲ್ಟೇಜ್ ಇನ್ನು ಇಳಿಯದು ಎಂದಾದಾಗ ಉಳಿದ ದಾರಿ, ಕೆಲಸವಿಲ್ಲದ ಭಾಗವನ್ನು ನಿಲ್ಲಿಸುವುದು. ನೀವು ಈ ಸಾಲನ್ನು ಓದುತ್ತಿರುವಾಗ ನಿಮ್ಮ ಸಾಧನದ ಪ್ರೊಸೆಸರ್‌ಗೆ ಬಹುಪಾಲು ಮಾಡಲು ಏನೂ ಇಲ್ಲ. ಬೆರಳು ಪರದೆಯ ಮೇಲೆ ಜಾರಿದಾಗ ಕೆಲವು ಮಿಲಿಸೆಕೆಂಡು ದುಡಿದು ಮತ್ತೆ ಖಾಲಿ ಕೂರುತ್ತದೆ. ಹೀಗೆ ಕೂತಾಗ ಅದು ಹಂತಹಂತವಾಗಿ ಆಳಕ್ಕೆ ಇಳಿಯಬಲ್ಲದು. ಮೊದಲ ಹಂತದಲ್ಲಿ ಗಡಿಯಾರದ ಮಿಡಿತವನ್ನಷ್ಟೇ ನಿಲ್ಲಿಸುತ್ತದೆ. ಮುಂದಿನ ಹಂತದಲ್ಲಿ ಬೇಗ ಕೈಗೆ ಸಿಗಲೆಂದು ತನ್ನೊಳಗೇ ಇಟ್ಟುಕೊಂಡ ಕ್ಯಾಶ್ ಎಂಬ ಪುಟ್ಟ ಮೆಮೊರಿಯನ್ನು ಖಾಲಿ ಮಾಡಿ ಅದನ್ನೂ ಆರಿಸುತ್ತದೆ. ಇನ್ನೂ ಕೆಳಗೆ ಹೋದರೆ ಕೋರ್‌ಗೆ, ಅಂದರೆ ಪ್ರೊಸೆಸರಿನೊಳಗಿನ ಲೆಕ್ಕ ಮಾಡುವ ಘಟಕಕ್ಕೆ, ಹರಿಯುವ ವಿದ್ಯುತ್ತನ್ನೇ ಕಡಿದುಬಿಡುತ್ತದೆ. ಆಗ ಸೋರಿಕೆಯೂ ಇಲ್ಲ. ಈ ಹಂತಗಳಿಗೆ ಎಂಜಿನಿಯರುಗಳು ಸಿ-ಸ್ಟೇಟ್ ಎನ್ನುತ್ತಾರೆ. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಕಂಪನಿಗಳು ಸೇರಿ 1996ರಲ್ಲಿ ಹೊರಡಿಸಿದ ಎಸಿಪಿಐ ಎಂಬ ಮಾನದಂಡ ಅವುಗಳಿಗೆ ಕ್ರಮ ಕೊಟ್ಟಿತು.

ಆಳಕ್ಕೆ ಇಳಿದಷ್ಟೂ ಉಳಿತಾಯ ಹೆಚ್ಚು, ಆದರೆ ಮೇಲೇಳಲು ತಗಲುವ ಸಮಯ ಮತ್ತು ಶಕ್ತಿಯೂ ಹೆಚ್ಚು. ಆದ್ದರಿಂದ ಬಿಡುವು ಒಟ್ಟು ಎಷ್ಟು ಸಿಕ್ಕಿತು ಎಂಬುದಷ್ಟೇ ಮುಖ್ಯವಲ್ಲ, ಅದು ಅಖಂಡವಾಗಿ ಸಿಕ್ಕಿತೇ ಎಂಬುದು ಮುಖ್ಯ. ರಾತ್ರಿಯಿಡೀ ಹತ್ತು ನಿಮಿಷಕ್ಕೊಮ್ಮೆ ಯಾರಾದರೂ ಬಾಗಿಲು ತಟ್ಟುತ್ತಿದ್ದರೆ, ಎಂಟು ಗಂಟೆ ಹಾಸಿಗೆಯಲ್ಲಿ ಕಳೆದರೂ ನಿದ್ದೆ ಮಾಡಿದಂತಾಗುವುದಿಲ್ಲ.

ಬಾಗಿಲು ತಟ್ಟುತ್ತಿದ್ದದ್ದು ಸ್ವತಃ ಆಪರೇಟಿಂಗ್ ಸಿಸ್ಟಮ್! ಸಮಯದ ಲೆಕ್ಕ ಇಡಲು, ಪ್ರೋಗ್ರಾಮುಗಳ ಸರದಿ ಬದಲಿಸಲು ಅದು ಪ್ರೊಸೆಸರನ್ನು ನಿಗದಿತ ಅಂತರದಲ್ಲಿ ಎಬ್ಬಿಸುತ್ತಿತ್ತು, ಕೆಲಸ ಇರಲಿ ಇಲ್ಲದಿರಲಿ. ವಿಂಡೋಸ್‌ನಲ್ಲಿ ಈ ಅಂತರ ಸಾಮಾನ್ಯವಾಗಿ 15.6 ಮಿಲಿಸೆಕೆಂಡು. ಲಿನಕ್ಸ್‌ನಲ್ಲಿ ಮೊದಲು ಸೆಕೆಂಡಿಗೆ 100 ಸಲ ಇದ್ದದ್ದು 2.6ನೇ ಆವೃತ್ತಿಯಲ್ಲಿ 1000ಕ್ಕೆ ಏರಿತು, 2005ರಲ್ಲಿ 250ಕ್ಕೆ ಇಳಿಯಿತು. ಥಾಮಸ್ ಗ್ಲೈಕ್ಸ್‌ನರ್, ಇಂಗೊ ಮೋಲ್ನಾರ್ ಮತ್ತಿತರರು ಹೀಗೆ ಮತ್ತೆ ಮತ್ತೆ ಎಬ್ಬಿಸುವ ಈ ಮಿಡಿತವನ್ನೇ ತೆಗೆದುಹಾಕುವ ಕೆಲಸಕ್ಕೆ ಕೈಹಾಕಿದರು. ಮುಂದಿನ ಕೆಲಸ ಯಾವ ಹೊತ್ತಿಗೆ ಇದೆ ಎಂದು ನೋಡಿ, ಆ ಹೊತ್ತಿಗೆ ಮಾತ್ರ ಎಚ್ಚರಿಸುವಂತೆ ಗಡಿಯಾರಕ್ಕೆ ಹೇಳಿ ಮಲಗುವುದು ಅವರ ಉಪಾಯ. ಹೇಳಲು ಸುಲಭ. ಆದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ನೂರಾರು ಭಾಗಗಳು ಆ ಮಿಡಿತವನ್ನೇ ನಂಬಿಕೊಂಡಿದ್ದವು. 2007ರ ಏಪ್ರಿಲ್‌ನಲ್ಲಿ ಬಂದ 2.6.21ನೇ ಆವೃತ್ತಿಯಲ್ಲಿ ಅದು ಮುಖ್ಯ ಧಾರೆಗೆ ಸೇರಿತು.

ಆಮೇಲೆ ತಿಳಿದ ಸಂಗತಿ ಎಲ್ಲರನ್ನೂ ಬೆಚ್ಚಿಸಿತು. ಮಿಡಿತ ನಿಂತರೂ ಪ್ರೊಸೆಸರ್ ಮಲಗುತ್ತಿರಲಿಲ್ಲ. ಎಬ್ಬಿಸುತ್ತಿರುವವರು ಯಾರೆಂದು ಹುಡುಕಲು ಇಂಟೆಲ್‌ನ ಅರ್ಯಾನ್ ವಾನ್ ಡಿ ವೆನ್ ಮತ್ತು ಸಂಗಡಿಗರು ಮರುತಿಂಗಳೇ ಪವರ್‌ಟಾಪ್ ಎಂಬ ಪುಟ್ಟ ಸಲಕರಣೆಯನ್ನು ಬಿಡುಗಡೆ ಮಾಡಿದರು. ಯಾವ ಪ್ರೋಗ್ರಾಮು ಸೆಕೆಂಡಿಗೆ ಎಷ್ಟು ಸಲ ಪ್ರೊಸೆಸರನ್ನು ಎಬ್ಬಿಸುತ್ತಿದೆ ಎಂಬ ಪಟ್ಟಿಯನ್ನು ಅದು ಹೆಸರು ಸಮೇತ ತೋರಿಸುತ್ತಿತ್ತು. ಧ್ವನಿಯ ಮಟ್ಟವನ್ನು ಯಾರಾದರೂ ಬದಲಿಸಿದರೇ ಎಂದು ಸೆಕೆಂಡಿಗೆ ಹಲವು ಸಲ ಇಣುಕುವ ಪ್ರೋಗ್ರಾಮು, ಬಳಕೆದಾರ ಎದ್ದುಹೋದನೇ ಎಂದು ಪದೇಪದೇ ವಿಚಾರಿಸುವ ಚಾಟ್ ಪ್ರೋಗ್ರಾಮು, ಹೀಗೆ ಸಾಲು ಸಾಲು. ಇವುಗಳಲ್ಲಿ ಯಾವುದೂ ದುರುದ್ದೇಶದ್ದಲ್ಲ. ಬರೆದವರಿಗೆ ತಮ್ಮ ಒಂದು ಸಾಲಿನ ವಿದ್ಯುತ್ ವೆಚ್ಚ ಕಾಣುತ್ತಲೇ ಇರಲಿಲ್ಲ. ಕಂಡ ಕೂಡಲೇ ತಿದ್ದಿದರು. ಪದೇಪದೇ ಇಣುಕುವುದನ್ನು ಬಿಟ್ಟು, ಬದಲಾವಣೆಯಾದಾಗ ತಿಳಿಸು ಎಂದು ಕೇಳಿಕೊಳ್ಳುವಂತೆ ಪ್ರೋಗ್ರಾಮುಗಳನ್ನು ಬದಲಿಸಿದರು. ವರ್ಷಗಟ್ಟಲೆ ಚಿಪ್ಪಿನೊಳಗೆ ಮಿಲಿವ್ಯಾಟು ಹುಡುಕಿದವರ ಶ್ರಮವನ್ನು ಹೊರಗೆ ಪ್ರೋಗ್ರಾಮಿನಲ್ಲಿ ಸುತ್ತುತ್ತಲೇ ಇರುವ ಒಂದು ಅಜಾಗರೂಕ ಲೂಪ್ ಹೇಗೆ ನುಂಗಿಹಾಕಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಉಳಿದವರೂ ಇದೇ ದಾರಿ ಹಿಡಿದರು. ಹತ್ತಿರ ಹತ್ತಿರದ ಎಚ್ಚರಗಳನ್ನು ಒಟ್ಟುಗೂಡಿಸಿ ಒಂದೇ ಸಲ ಮುಗಿಸುವ ವಿಧಾನವನ್ನು ವಿಂಡೋಸ್ 7 ತಂದಿತು. ಆಪಲ್ 2013ರಲ್ಲಿ ಮ್ಯಾಕ್‌ಗಳಿಗೆ ಅದನ್ನೇ ಕೊಟ್ಟಿತು. ಹಾಗೆಯೇ ಒಂದು ಹಳೆಯ ನಂಬಿಕೆಯೂ ಬಿದ್ದುಹೋಯಿತು. ವಿದ್ಯುತ್ತು ಉಳಿಸಲು ಪ್ರೊಸೆಸರನ್ನು ಯಾವಾಗಲೂ ನಿಧಾನವಾಗಿ ಓಡಿಸಬೇಕು ಎಂದುಕೊಂಡಿದ್ದೆವು. ಎಷ್ಟೋ ಸಂದರ್ಭಗಳಲ್ಲಿ ಬೇಗ ಮುಗಿಸಿ ಆಳಕ್ಕೆ ಇಳಿಯುವುದೇ ಲಾಭ, ಏಕೆಂದರೆ ಪ್ರೊಸೆಸರ್ ಎಚ್ಚರವಿರುವಷ್ಟು ಹೊತ್ತೂ ಮೆಮೊರಿ, ಭಾಗಗಳ ನಡುವೆ ಅಂಕಿಗಳನ್ನು ಸಾಗಿಸುವ ಬಸ್ ಎಂಬ ತಂತಿಗಳು, ವೋಲ್ಟೇಜ್ ನಿಯಂತ್ರಕಗಳೂ ಎಚ್ಚರವಿರಬೇಕಾಗುತ್ತದೆ. ಆದರೆ ತೀರ ವೇಗವಾಗಿ ಓಡಿಸಲು ವೋಲ್ಟೇಜನ್ನು ಏರಿಸಬೇಕಾಗಿ ವರ್ಗದ ಪೆಟ್ಟು ಬೀಳುತ್ತದೆ. ಎರಡರ ನಡುವಿನ ಸರಿಯಾದ ಬಿಂದುವನ್ನು ಸೆಕೆಂಡಿಗೆ ನೂರಾರು ಸಲ ಹುಡುಕುವುದು ಇಂದಿನ ಕರ್ನಲ್‌ಗಳ ಕೆಲಸ.

ಮೊಬೈಲಿನಲ್ಲಿ ಇದೇ ಸಮಸ್ಯೆ ಇನ್ನಷ್ಟು ತೀವ್ರ, ಏಕೆಂದರೆ ಅಲ್ಲಿ ಟವರಿನ ಜೊತೆ ಮಾತನಾಡುವ ರೇಡಿಯೊ ಇದೆ. ಒಂದು ಆ್ಯಪ್ ನಾಲ್ಕು ಬೈಟ್ ಕಳಿಸಿದರೂ ರೇಡಿಯೊ ಪೂರ್ಣ ಬಲದ ಸ್ಥಿತಿಗೆ ಏರುತ್ತದೆ. ಕಳಿಸಿದ್ದು ಮುಗಿದ ಮೇಲೂ, ಇನ್ನೇನಾದರೂ ಬರಬಹುದೆಂದು ಕೆಲವು ಸೆಕೆಂಡು ಹಾಗೆಯೇ ಕಾಯುತ್ತದೆ. ಹತ್ತು ಆ್ಯಪ್‌ಗಳು ಹತ್ತು ಬೇರೆ ಬೇರೆ ಗಳಿಗೆಯಲ್ಲಿ ಸರ್ವರನ್ನು ಮಾತನಾಡಿಸಿದರೆ ಅದು ತಣ್ಣಗಾಗುವುದೇ ಇಲ್ಲ. ಅದಕ್ಕೇ ಎಲ್ಲ ಆ್ಯಪ್‌ಗಳ ಸಂದೇಶಗಳೂ ಒಂದೇ ಸಂಪರ್ಕದ ಮೂಲಕ ಬರುವ ಪುಶ್ ವ್ಯವಸ್ಥೆ ಹುಟ್ಟಿತು. 2015ರ ಆಂಡ್ರಾಯ್ಡ್ 6.0ದಲ್ಲಿ ಡೋಜ್ ಬಂತು. ಪರದೆ ಆರಿದ, ಚಾರ್ಜಿಗೆ ಹಾಕದ, ಅಲುಗಾಡದೆ ಬಿದ್ದಿರುವ ಮೊಬೈಲಿನಲ್ಲಿ ಆ್ಯಪ್‌ಗಳ ಜಾಲ ಸಂಪರ್ಕವನ್ನು ಅದು ತಡೆಹಿಡಿಯುತ್ತದೆ. ಆಗಾಗ ಒಂದು ಪುಟ್ಟ ಕಿಟಕಿ ತೆರೆದು ಎಲ್ಲರ ಕೆಲಸವನ್ನೂ ಒಟ್ಟಿಗೆ ಮುಗಿಸಲು ಬಿಡುತ್ತದೆ. ಹೊತ್ತು ಕಳೆದಂತೆ ಆ ಕಿಟಕಿಗಳ ನಡುವಿನ ಅಂತರವನ್ನು ಹೆಚ್ಚಿಸುತ್ತ ಹೋಗುತ್ತದೆ.

ಎಚ್ಚರವಿರಲೇಬೇಕಾದಾಗಲೂ ಎಲ್ಲ ಕೆಲಸಕ್ಕೂ ದೊಡ್ಡ ಕೋರ್ ಬೇಕಿಲ್ಲ. 2011ರ ಅಕ್ಟೋಬರಿನಲ್ಲಿ ಆರ್ಮ್ ಕಂಪನಿ ಒಂದೇ ಚಿಪ್ಪಿನಲ್ಲಿ ಎರಡು ಬಗೆಯ ಕೋರ್‌ಗಳನ್ನು ಇಡುವ ವಿನ್ಯಾಸವನ್ನು ಪ್ರಕಟಿಸಿತು. ಬಲಶಾಲಿಯಾದ ಆದರೆ ಹಸಿವಿನ ಎ15, ಸರಳವಾದ ಮಿತಾಹಾರಿ ಎ7. ಹಾಡು ಕೇಳುವುದಕ್ಕೆ ಚಿಕ್ಕದು, ಆಟಕ್ಕೆ ದೊಡ್ಡದು. ಆದರೆ ಯಾವ ಕೆಲಸ ಯಾವುದಕ್ಕೆ ಎಂದು ನಿರ್ಧರಿಸುವ ಕರ್ನಲ್‌ಗೆ ಒಂದೊಂದು ಕೋರ್‌ನ ವಿದ್ಯುತ್ ಬಳಕೆ ಗೊತ್ತಿರಬೇಕಲ್ಲ. ಆ ತಿಳಿವಳಿಕೆ ಲಿನಕ್ಸ್‌ನ ಮುಖ್ಯ ಧಾರೆಗೆ ಸೇರಲು 2019ರ ತನಕ ಕಾಯಬೇಕಾಯಿತು. ಇಂಟೆಲ್ 2021ರಲ್ಲಿ ತನ್ನ ಡೆಸ್ಕ್‌ಟಾಪ್ ಚಿಪ್ಪುಗಳಲ್ಲೂ ಎರಡು ಬಗೆಯ ಕೋರ್‌ಗಳನ್ನು ಇಟ್ಟಿತು. ಆರ್ಮ್, ಇಂಟೆಲ್, ಕ್ವಾಲ್ಕಾಮ್ ಮೂರಕ್ಕೂ ಬೆಂಗಳೂರಿನಲ್ಲಿ ದೊಡ್ಡ ವಿನ್ಯಾಸ ಕೇಂದ್ರಗಳಿವೆ.

ಲೆಕ್ಕ ಮಾಡುವುದಕ್ಕಿಂತ ಅಂಕಿಯನ್ನು ಸಾಗಿಸುವುದೇ ದುಬಾರಿ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದ ಸಂಗತಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಮುಂದಿಟ್ಟ ಅಂದಾಜುಗಳ ಪ್ರಕಾರ, 45 ನ್ಯಾನೊಮೀಟರ್ ಎಂದು ಕರೆಯುವ ತಲೆಮಾರಿನ ಚಿಪ್ಪಿನಲ್ಲಿ 32 ಬಿಟ್‌ನ ಎರಡು ಪೂರ್ಣಾಂಕಗಳನ್ನು ಕೂಡಲು ಬೇಕಾದ ಶಕ್ತಿ 0.1 ಪಿಕೊಜೂಲ್. ಅಂತಹ ಒಂದು ಅಂಕಿಯನ್ನು ಹೊರಗಿನ ಡಿ-ರ‍್ಯಾಮ್ ಮೆಮೊರಿಯಿಂದ ತರಲು ಸುಮಾರು 640 ಪಿಕೊಜೂಲ್ ಬೇಕು. ಆರು ಸಾವಿರ ಪಟ್ಟಿಗೂ ಹೆಚ್ಚು! ಆಪಲ್ 2020ರ ನವೆಂಬರಿನಲ್ಲಿ ತಂದ ಎಂ1ರಲ್ಲಿ ಮೆಮೊರಿಯನ್ನು ಪ್ರೊಸೆಸರಿನ ಪಕ್ಕದಲ್ಲೇ, ಅದೇ ಕವಚದೊಳಗೆ ಕೂರಿಸಿದ್ದರ ಹಿಂದೆ ಈ ಗಣಿತವೂ ಇದೆ. ಒತ್ತಿ ಚಿಕ್ಕದಾಗಿಸಿದ ವೀಡಿಯೊವನ್ನು ಬಿಚ್ಚಿ ತೋರಿಸುವಂತಹ ಕೆಲಸಗಳಿಗೆ ಪ್ರತ್ಯೇಕ ವಿದ್ಯುತ್ ಮಂಡಲಗಳನ್ನು (ಸರ್ಕ್ಯೂಟ್) ಮೀಸಲಿಡುವುದೂ ಇದೇ ಕಾರಣಕ್ಕೆ. ಸಾಮಾನ್ಯ ಪ್ರೊಸೆಸರ್ ಪ್ರತಿ ಹೆಜ್ಜೆಗೂ ಆದೇಶವನ್ನು ತರಿಸಿ, ಓದಿ, ಅರ್ಥ ಮಾಡಿಕೊಂಡು ಆಮೇಲೆ ಲೆಕ್ಕ ಮಾಡುತ್ತದೆ. ಮೀಸಲು ಮಂಡಲಕ್ಕೆ ಆ ಓಡಾಟ ಇಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ ಹೊಸ ಬಗೆಯ ವೀಡಿಯೊ ಹಾಕಿದರೆ ಫ್ಯಾನ್ ಅಬ್ಬರಿಸುವುದು ಆ ಮಂಡಲ ಅದರಲ್ಲಿ ಇಲ್ಲದಿರುವುದರಿಂದ.

ಇಷ್ಟೆಲ್ಲ ಉಳಿಸಿದ ಮೇಲೆ ದೊಡ್ಡ ಖರ್ಚಾಗಿ ಎದ್ದು ನಿಲ್ಲುವುದು ಪರದೆ. ಎಲ್‌ಸಿಡಿ ಬಗೆಯ ಪರದೆಯಲ್ಲಿ ಹಿಂಬದಿಯ ದೀಪ ಸದಾ ಉರಿಯುತ್ತದೆ, ಕಪ್ಪು ತೋರಿಸಿದರೂ ಬಿಳಿ ತೋರಿಸಿದರೂ ಖರ್ಚು ಹೆಚ್ಚುಕಡಿಮೆ ಒಂದೇ. ಓಎಲ್‌ಇಡಿ ಬಗೆಯದರಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಕಪ್ಪು ಚುಕ್ಕಿ ಆರಿರುತ್ತದೆ. ಹಾಗೆಂದು ಕಪ್ಪು ಹಿನ್ನೆಲೆ ಹಾಕಿದ ಕೂಡಲೇ ಬ್ಯಾಟರಿ ಎರಡು ಪಟ್ಟು ಬಾಳುವುದಿಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಅಳೆದಾಗ, ನಾವು ಮನೆಯೊಳಗೆ ಇಟ್ಟುಕೊಳ್ಳುವ ಶೇಕಡಾ 30ರಿಂದ 50ರ ಪ್ರಕಾಶದಲ್ಲಿ ಸಿಕ್ಕ ಉಳಿತಾಯ ಶೇಕಡಾ 3ರಿಂದ 9 ಮಾತ್ರ. ಪೂರ್ತಿ ಪ್ರಕಾಶದಲ್ಲಿ ಅದು ಶೇಕಡಾ 39ರಿಂದ 47. ಬಿಸಿಲಿನಲ್ಲಿ ನಿಂತು ನಕ್ಷೆ ನೋಡುವವರಿಗೆ ದೊಡ್ಡ ಲಾಭ, ಸೋಫಾದಲ್ಲಿ ಕೂತವರಿಗೆ ಅಲ್ಪ. ಪ್ರಕಾಶವನ್ನೇ ಒಂದಿಷ್ಟು ಇಳಿಸಿದರೆ ಇಬ್ಬರಿಗೂ ಲಾಭ. ಪರದೆಗೂ ಸುಮ್ಮನಿರುವುದನ್ನು ಕಲಿಸಲಾಗಿದೆ. ಚಿತ್ರ ಬದಲಾಗದಿದ್ದರೆ ಸೆಕೆಂಡಿಗೆ 120 ಸಲ ಮತ್ತೆ ಬಿಡಿಸುವ ಬದಲು ಒಂದೇ ಸಲ ಬಿಡಿಸುವ ಫಲಕಗಳು ಬಂದಿವೆ. ಕೆಲವು ಲ್ಯಾಪ್‌ಟಾಪ್ ಪರದೆಗಳು ಕೊನೆಯ ಚಿತ್ರವನ್ನು ತಮ್ಮ ಸ್ವಂತ ಮೆಮೊರಿಯಲ್ಲಿಟ್ಟುಕೊಂಡು ಗ್ರಾಫಿಕ್ಸ್ ಭಾಗವನ್ನು ಮಲಗಲು ಬಿಡುತ್ತವೆ.

ಗೋಡೆಗೆ ಚುಚ್ಚಿದ ಚಾರ್ಜರ್ ಹಾಗೂ ಸ್ಟ್ಯಾಂಡ್‌ಬೈ ಸೋರಿಕೆಯ ಕಥೆ ಹೆಚ್ಚುಪಾಲು ಮುಗಿದಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲಿ ಒಂದು ವ್ಯಾಟ್ ಎಂಬ ಗುರಿ ಇಟ್ಟಿತು. ಯುರೋಪಿಯನ್ ಒಕ್ಕೂಟದ ನಿಯಮ ಮನೆಬಳಕೆಯ ಬಹುತೇಕ ಸಾಧನಗಳಿಗೆ ಸ್ಟ್ಯಾಂಡ್‌ಬೈ ಮಿತಿಯನ್ನು 2010ರಲ್ಲಿ ಒಂದು ವ್ಯಾಟಿಗೂ 2013ರಲ್ಲಿ ಅರ್ಧ ವ್ಯಾಟಿಗೂ ಇಳಿಸಿತು. ಇಲ್ಲಿ ಕೆಲಸ ಮಾಡಿದ್ದು ಕಾನೂನು.

ಮುಗಿಯದೆ ಉಳಿದಿರುವುದು ಮುಚ್ಚಿದ ಲ್ಯಾಪ್‌ಟಾಪಿನ ಸಮಸ್ಯೆ. ಹಿಂದೆ ಮುಚ್ಚಳ ಹಾಕಿದರೆ ಮೆಮೊರಿಯೊಂದನ್ನು ಬಿಟ್ಟು ಉಳಿದೆಲ್ಲವೂ ಆರುತ್ತಿತ್ತು. ಈಗಿನ ಬಹುತೇಕ ವಿಂಡೋಸ್ ಲ್ಯಾಪ್‌ಟಾಪುಗಳು ಮೊಬೈಲಿನಂತೆ ಅರೆಎಚ್ಚರದಲ್ಲಿರುತ್ತವೆ. ತಕ್ಷಣ ಎದ್ದು ಕೂರುತ್ತವೆ, ಮಲಗಿದ್ದಾಗಲೂ ಮೇಲ್ ತರಿಸುತ್ತವೆ. ಆದರೆ ಈ ಅರೆಎಚ್ಚರ ಅಗ್ಗವಾಗಬೇಕಾದರೆ ಚಿಪ್, ಎಸ್‌ಎಸ್‌ಡಿ, ವೈ-ಫೈ, ಯುಎಸ್‌ಬಿ ಎಲ್ಲವೂ ಒಟ್ಟಿಗೆ ತಮ್ಮ ಆಳದ ಹಂತಕ್ಕೆ ಇಳಿಯಬೇಕು. ಬಿಡಿಭಾಗವನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮು ಒಂದೇ ಒಂದು ಒಪ್ಪದಿದ್ದರೂ ಇಡೀ ಯಂತ್ರ ಮೇಲೆಯೇ ತೇಲುತ್ತದೆ. ಚೀಲದಿಂದ ತೆಗೆದಾಗ ಬಿಸಿಯಾಗಿ, ಬ್ಯಾಟರಿ ಬರಿದಾಗಿರುವ ಲ್ಯಾಪ್‌ಟಾಪಿಗೆ ಸಾಮಾನ್ಯ ಕಾರಣ ಇದೇ. ಬಿಡಿಭಾಗಗಳನ್ನೆಲ್ಲ ತಾನೇ ಆರಿಸಿಕೊಳ್ಳುವ ಕಂಪನಿಗೆ ಇದು ಸುಲಭ. ಇಪ್ಪತ್ತು ಕಡೆಯ ಭಾಗಗಳನ್ನು ಜೋಡಿಸುವವರಿಗೆ ಪ್ರತಿ ಮಾದರಿಯಲ್ಲೂ ಹೊಸದಾಗಿ ಪರೀಕ್ಷಿಸಬೇಕಾದ ಕೆಲಸ. ಅಲ್ಲಿಯವರೆಗೆ, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕುವ ಮೊದಲು ಹೈಬರ್ನೇಟ್ ಮಾಡುವುದು ಒಳ್ಳೆಯದು. ಆಗ ಮೆಮೊರಿಯಲ್ಲಿದ್ದದ್ದೆಲ್ಲ ಡಿಸ್ಕಿಗೆ ಹೋಗಿ ಯಂತ್ರ ನಿಜವಾಗಿಯೂ ಆರುತ್ತದೆ. ಎಬ್ಬಿಸುವಾಗ ಕೆಲವು ಸೆಕೆಂಡು ಹೆಚ್ಚು ಕಾಯಬೇಕಾಗುತ್ತದೆ.